ಶೀರ್ಷಿಕೆಯಿಲ್ಲದ ಅಮೂರ್ತ ಚಿತ್ರ: ಚೌಕ, ವೃತ್ತ ಸರಿ, ಈ ಗೇರುಬೀಜದಂಥದ್ದನ್ನು ಹೇಗೆ ಓದುವುದು?

ಕುಂಬಳೆ_ಟೀಚರ್:

ಕಾಸರಗೋಡು ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರ ವಾಚನಾಲಯಕ್ಕೆ ಒಂದು ಅಮೂರ್ತ ಚಿತ್ರ ಕೊಡುಗೆಯಾಗಿ ಬಂದಿದೆ. ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್, ಅಗಲ ನಾಲ್ಕಡಿ, ಎತ್ತರ ಮೂರಡಿ. ಶೀರ್ಷಿಕೆ ಇಲ್ಲ. ಬರೆದವರು ಈಗಿಲ್ಲ, ಕೇಳುವ ಹಾಗಿಲ್ಲ. ಗೋಡೆಯಲ್ಲಿ ಪಕ್ಕಕ್ಕೆ ಹಾಕಲು ಪುಟ್ಟದೊಂದು ಪರಿಚಯ ಬರಹ ಬೇಕು. ಒಂಬತ್ತನೇ ತರಗತಿಯ ಮಕ್ಕಳಿಗೆ ಅರ್ಥವಾಗಬೇಕು, ಸುಳ್ಳೂ ಆಗಬಾರದು.

ಚಿತ್ರದಲ್ಲಿ ಇರುವುದು ಇಷ್ಟು. ಎಡಗಡೆ ಮೇಲೆ ಕಡುನೀಲಿ ಚೌಕ. ಅದರ ಕೆಳಗೆ ಈ ಅಂಚಿನಿಂದ ಆ ಅಂಚಿನವರೆಗೆ ಮುರಕಲ್ಲಿನ ಕೆಂಪು ಬಣ್ಣದ ಪಟ್ಟಿ. ಬಲ ಮೇಲ್ಮೂಲೆಯಿಂದ ಓರೆಯಾಗಿ ಇಳಿಯುವ ಮೂರು ತೆಳು ಕಪ್ಪು ಗೆರೆ. ನಡುವಿಗಿಂತ ಸ್ವಲ್ಪ ಬಲಕ್ಕೆ ದೊಡ್ಡದೊಂದು ಮಣ್ಣರಸಿನ ಬಣ್ಣದ ಆಕಾರ, ಗೇರುಬೀಜದ ಹಾಗೆ ಒಂದು ಕಡೆ ಒಳಬಾಗಿದೆ. ಅದರ ತುದಿ ನೀಲಿ ಚೌಕವನ್ನು ಹಾಯುತ್ತದೆ, ಹಾಯ್ದ ಜಾಗ ಬೂದುಹಸಿರು. ಬಲಕ್ಕೆ ಮೇಲೆ ಚಹಾ ಸಾಸರಿನಷ್ಟು ಬಿಳಿ ವೃತ್ತ. ಎಡ ಕೆಳಮೂಲೆಯಲ್ಲಿ ಬೇರು ಬಿಟ್ಟ ಹಾಗೆ ಗೆರೆಗಳು, ಸುತ್ತ ಕಂದು ಚುಕ್ಕೆಗಳು.

ಮಕ್ಕಳು ಗೇರುಬೀಜ ಅಂದರು, ಮೂತ್ರಪಿಂಡ ಅಂದರು, ಹೊಟ್ಟೆಯೊಳಗಿನ ಮಗು ಅಂದರು. ಸ್ಟಾಫ್ ರೂಮಿನಲ್ಲಿ ಬಂದ ಸಲಹೆ: ‘ಚೌಕ ಅಂದರೆ ಭೂಮಿ, ವೃತ್ತ ಅಂದರೆ ಆಕಾಶ, ಬರೆದು ಮುಗಿಸಿ.’ ಹಾಗೊಂದು ನಿಯಮ ನಿಜವಾಗಿ ಉಂಟಾ? ಇಲ್ಲವಾದರೆ ಎಲ್ಲಿಂದ ಶುರುಮಾಡುವುದು?

ಮುರಕಲ್ಲು:

ಟೀಚರೇ, ‘ಇದು ಎಂತ?’ ಎಂಬ ಪ್ರಶ್ನೆಯನ್ನು ಕೊನೆಗೆ ಇಡಿ. ‘ಗೇರುಬೀಜ’ ಎಂದು ಒಮ್ಮೆ ಬಾಯಿಗೆ ಬಂತೋ, ಕಣ್ಣು ಕೆಲಸ ನಿಲ್ಲಿಸುತ್ತದೆ. ಆಮೇಲೆ ಕಾಣುವುದು ನಮ್ಮ ತಲೆಯೊಳಗಿನ ಗೇರುಬೀಜ. ಮೊದಲು ಅಂಚು, ಆಮೇಲೆ ಕೂಡುವ ಜಾಗ, ಆಮೇಲೆ ತೂಕ. ಈ ಮೂರನ್ನು ನೋಡಿದರೆ ಅರ್ಧ ಬರಹ ತಾನಾಗಿ ಆಗುತ್ತದೆ.

ಅಂಚು. ಕಿಟಕಿ ಮುಚ್ಚಿ, ಟಾರ್ಚನ್ನು ಚಿತ್ರದ ಪಕ್ಕದಿಂದ ಗೋಡೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿಯಿರಿ, ಹತ್ತು ಹದಿನೈದು ಡಿಗ್ರಿಗಿಂತ ಹೆಚ್ಚು ಓರೆ ಬೇಡ. ಮುಟ್ಟಬೇಡಿ. ಮಾಸ್ಕಿಂಗ್ ಟೇಪ್ ಅಂಟಿಸಿ ಬಣ್ಣ ಬಳಿದಿದ್ದರೆ ಅಂಚಿನಲ್ಲಿ ಕೂದಲೆಳೆಯಷ್ಟು ಏಣು ಎದ್ದಿರುತ್ತದೆ. ಟೇಪಿನಡಿ ಬಣ್ಣ ಸೋರಿದ್ದರೆ ಸಣ್ಣ ಗರಿಗಳು ಹೊರಚಾಚಿರುತ್ತವೆ. ಕೈಯಲ್ಲೇ ಎಳೆದ ಅಂಚಿಗೆ ಏಣು ಇರುವುದಿಲ್ಲ, ಕುಂಚ ನಿಂತು ಮತ್ತೆ ಹೊರಟ ಗುರುತು ಇರುತ್ತದೆ. ಇದು ಬರೀ ತಂತ್ರದ ವಿಚಾರ ಅಲ್ಲ. ಟೇಪ್ ಹಾಕಿದವರು ‘ಇಲ್ಲಿ ನನ್ನ ಕೈ ಕಾಣಬಾರದು’ ಎಂದು ತೀರ್ಮಾನಿಸಿರುತ್ತಾರೆ. ಯಾವ ಆಕಾರಕ್ಕೆ ಆ ತೀರ್ಮಾನ, ಯಾವುದಕ್ಕೆ ಇಲ್ಲ ಎಂದು ಪಟ್ಟಿ ಮಾಡಿ.

ಕೂಡುವ ಜಾಗ. ಎರಡು ಆಕಾರ ಸೇರುವಲ್ಲಿ ಮೂರೇ ಬಗೆ. ಒಂದರ ಅಂಚು ಇನ್ನೊಂದಕ್ಕೆ ಬಡಿದು ನಿಂತರೆ ನಿಂತದ್ದು ಹಿಂದೆ ಹೋಗುತ್ತದೆ. ಎರಡರ ಅಂಚೂ ನಿಲ್ಲದೆ ದಾಟಿ ಮುಂದುವರಿದರೆ ಒಂದು ಪಾರದರ್ಶಕ ಅನ್ನಿಸುತ್ತದೆ. ಒಂದಕ್ಕೊಂದು ಬರೀ ತಾಗಿ ನಿಂತರೆ ಕಣ್ಣು ಅಲ್ಲೇ ಸಿಕ್ಕಿಬೀಳುತ್ತದೆ, ಗೋಡೆಯ ತುದಿಯಲ್ಲಿಟ್ಟ ಲೋಟ ಕಂಡ ಹಾಗೆ. ನಿಮ್ಮ ಬೂದುಹಸಿರು ಜಾಗ ಎರಡನೇ ಬಗೆಯದ್ದು. ಅಲ್ಲಿ ಒಂದು ಪರೀಕ್ಷೆ: ಆ ಹಸಿರು ನೀಲಿಗಿಂತ ಗಾಢವೋ, ತಿಳಿಯೋ? ನೀಲಿಯ ಮೇಲೆ ನಿಜವಾಗಿ ತೆಳು ಪಾರದರ್ಶಕ ಬಣ್ಣ ಹಾಯಿಸಿದ್ದರೆ ಇನ್ನೂ ಗಾಢವಾಗಬೇಕು. ನೀಲಿಗಿಂತ ತಿಳಿಯಾಗಿದ್ದರೆ ಅದು ಬೇರೆಯೇ ಬೆರೆಸಿ ತುಂಬಿದ ಬಣ್ಣ, ಅಂದರೆ ಆ ಮೂರನೇ ಆಕಾರ ಬೇಕೆಂದೇ ಮಾಡಿದ್ದು.

ತೂಕ. ಚಿತ್ರದ ಫೋಟೋವನ್ನು ಎ4 ಹಾಳೆಯಲ್ಲಿ ಮುದ್ರಿಸಿ. ಹಿನ್ನೆಲೆಯ ಬಣ್ಣಕ್ಕೆ ಹತ್ತಿರದ ಕಾಗದ ಕತ್ತರಿಸಿ ಒಂದೊಂದೇ ಆಕಾರವನ್ನು ಮುಚ್ಚಿ ನೋಡಿ. ವೃತ್ತ ಮುಚ್ಚಿದರೆ ಏನು ಜಾರುತ್ತದೆ? ಗೆರೆ ಮುಚ್ಚಿದರೆ? ಏನೂ ಆಗದಿದ್ದರೆ ಆ ಆಕಾರಕ್ಕೆ ಬರಹದಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಬೇಡ. ಅದೇ ಹಾಳೆಯ ಮೇಲೆ ಬಟರ್ ಪೇಪರ್ ಇಟ್ಟು ಬರೀ ಹೊರಗೆರೆ ತೆಗೆದು, ತಲೆಕೆಳಗು ಮಾಡಿಯೂ ನೋಡಿ. ಬಣ್ಣ ಹೋದಾಗ ಯಾವ ಗೆರೆ ಯಾವ ಗೆರೆಯನ್ನು ಹಿಂಬಾಲಿಸುತ್ತದೆ ಎಂಬುದು ಬಯಲಾಗುತ್ತದೆ.

ಅಳತೆ ಪಟ್ಟಿ ಹಿಡಿಯಲು ನಾಚಿಕೆ ಬೇಡ. ‘ಚೌಕ’ ಎಂದು ನಾವು ಕರೆದದ್ದೆಲ್ಲ ಚೌಕ ಅಲ್ಲ. ಅಳೆದ ಅಂಕೆಗಳನ್ನು ಇಲ್ಲಿ ಹಾಕಿ.

ಚುಕ್ಕಿಗೆರೆ:

ನಿಯಮದ ಪ್ರಶ್ನೆಗೆ ನನ್ನ ಉತ್ತರ: ಇಲ್ಲ. ಆದರೆ ಇಲ್ಲ ಎಂದು ಬಿಟ್ಟುಬಿಡುವಷ್ಟು ಸರಳವೂ ಅಲ್ಲ.

ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ (1862–1944) 1907ರಲ್ಲೇ ಮೂರು ಮೀಟರ್ ದಾಟಿದ ಎತ್ತರದ ಹತ್ತು ಚಿತ್ರ ಬರೆದರು. ಬಳ್ಳಿ, ದಳ, ಸುರುಳಿ, ವೃತ್ತ ಎಲ್ಲ ಒಟ್ಟಿಗೇ ಇವೆ. ಅವರ ಟಿಪ್ಪಣಿಗಳಲ್ಲಿ ನೀಲಿ ಹೆಣ್ಣು, ಹಳದಿ ಗಂಡು. ಜರ್ಮನಿಯ ಚಿತ್ರಕಾರ ಫ್ರಾಂಜ್ ಮಾರ್ಕ್ 1910ರಲ್ಲಿ ಗೆಳೆಯ ಆಗಸ್ಟ್ ಮಾಕೆಗೆ ಬರೆದ ಕಾಗದದಲ್ಲಿ ನೀಲಿ ಗಂಡು, ಹಳದಿ ಹೆಣ್ಣು. ಹೆಚ್ಚುಕಡಿಮೆ ಒಂದೇ ಕಾಲ, ಒಂದೇ ಖಂಡ, ಅರ್ಥ ಪೂರಾ ತಿರುವುಮುರುವು. ಇನ್ನು ನಿಘಂಟು ಯಾರದ್ದನ್ನು ತೆರೆಯುವುದು?

ಕ್ಯಾಂಡಿನ್‌ಸ್ಕಿ ಎಂಬ ರಷ್ಯದ ಚಿತ್ರಕಾರ ಅಂಥದ್ದೊಂದು ನಿಘಂಟನ್ನು ಗಟ್ಟಿ ಮಾಡಲು ಹೊರಟವರು. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ, 1923ರಲ್ಲಿ ಅಲ್ಲಿನವರಿಗೆ ಪ್ರಶ್ನಾವಳಿ ಹಂಚಿ ಹಳದಿ, ಕೆಂಪು, ನೀಲಿಯನ್ನು ತ್ರಿಕೋನ, ಚೌಕ, ವೃತ್ತಕ್ಕೆ ಹೊಂದಿಸಲು ಹೇಳಿದರು. ಹೆಚ್ಚಿನ ಉತ್ತರ ಅವರ ಲೆಕ್ಕಕ್ಕೇ ಬಂತು: ಹಳದಿ ತ್ರಿಕೋನ, ಕೆಂಪು ಚೌಕ, ನೀಲಿ ವೃತ್ತ. ಅವರದ್ದೇ ಪಾಠ ಕೇಳಿದ ಮಕ್ಕಳು ಬೇರೆ ಎಂತ ಹೇಳಿಯಾರು! ಆಮೇಲೆ ಹೊರಗಿನವರ ಮೇಲೆ ನಡೆದ ಪ್ರಯೋಗಗಳಲ್ಲಿ ಈ ಜೋಡಿ ಹಾಗೇ ಮರಳಿ ಬರಲಿಲ್ಲ.

ಹಾಗಾದರೆ ಎಲ್ಲವೂ ಅವರವರ ಇಷ್ಟವೋ? ಅದೂ ಅಲ್ಲ. ಮೊನಚು ಆಕಾರಕ್ಕೆ ‘ಕಿಕಿ’, ಗುಂಡು ಆಕಾರಕ್ಕೆ ‘ಬೂಬಾ’ ಎಂಬ ಅರ್ಥವಿಲ್ಲದ ಹೆಸರುಗಳನ್ನು ಭಾಷೆ ಬೇರೆಯಾದರೂ ಬಹುಪಾಲು ಜನ ಒಂದೇ ರೀತಿ ಹೊಂದಿಸುತ್ತಾರೆ. ಮನಶ್ಶಾಸ್ತ್ರಜ್ಞ ಕೋಲರ್ 1929ರಲ್ಲೇ ಇಂಥದ್ದನ್ನು ಹೇಳಿದ್ದರು. 2001ರಲ್ಲಿ ನರವಿಜ್ಞಾನಿಗಳಾದ ರಾಮಚಂದ್ರನ್ ಮತ್ತು ಹಬ್ಬರ್ಡ್ ಇದನ್ನು ಮುಂದಿಟ್ಟಾಗ ತಮಿಳು ಭಾಷಿಕರೂ ಲೆಕ್ಕದಲ್ಲಿದ್ದರು. ತರಗತಿಯಲ್ಲಿ ಎರಡು ನಿಮಿಷದಲ್ಲಿ ಮಾಡಿಸಬಹುದು. ಅಂದರೆ ‘ಚೂಪು’, ‘ಮೆತ್ತಗೆ’, ‘ಭಾರ’, ‘ಬೀಳುತ್ತಿದೆ’ ಎಂಬ ಮೈಯ ಅನುಭವದ ಮಟ್ಟದಲ್ಲಿ ನಾವೆಲ್ಲ ಹೆಚ್ಚುಕಡಿಮೆ ಒಪ್ಪುತ್ತೇವೆ. ‘ಭೂಮಿ’, ‘ಆಕಾಶ’, ‘ಸ್ತ್ರೀತತ್ವ’ ಎಂಬ ಮಟ್ಟಕ್ಕೆ ಏರಿದ ಕೂಡಲೇ ಕಲಾವಿದರ ಕಡೆಯಿಂದ ಸಾಕ್ಷಿ ಬೇಕು.

ಸಾಕ್ಷಿ ಇದ್ದಾಗ ಧಾರಾಳವಾಗಿ ಹೇಳಿ. ಎಸ್. ಎಚ್. ರಜಾ (1922–2016) ಚಿತ್ರದ ಕಪ್ಪು ವೃತ್ತವನ್ನು ‘ಬಿಂದು’ ಎನ್ನಲು ಹೆದರಬೇಕಿಲ್ಲ, ಅವರೇ ಹಾಗೆ ಕರೆದಿದ್ದಾರೆ. ಕೆ. ಸಿ. ಎಸ್. ಪಣಿಕ್ಕರ್ 1963ರಿಂದ ಬರೆದ ‘ಪದಗಳು ಮತ್ತು ಸಂಕೇತಗಳು’ ಸರಣಿಯ ಚೌಕದ ಮನೆಗಳಲ್ಲಿ ಜಾತಕದ ಕುಂಡಲಿಯ ನೆರಳು ಇರುವುದೂ ಹೌದು. ಆದರೆ ಅಲ್ಲಿನ ಮಲಯಾಳಂ ಹೋಲುವ ಬರಹವನ್ನು ಓದಿ ಅರ್ಥ ಹಿಡಿಯಲು ಹೋದರೆ ಏನೂ ಸಿಗದು, ಅದು ಓದಲಿಕ್ಕಲ್ಲ, ನೋಡಲಿಕ್ಕೆ. ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ಅವರ ಹೆಸರಿನ ಗ್ಯಾಲರಿಯೇ ಉಂಟು. ಮಕ್ಕಳ ಪ್ರವಾಸ ಆ ಕಡೆ ಹೋದರೆ ಮೃಗಾಲಯಕ್ಕೆ ಮೊದಲು ಅಲ್ಲಿಗೆ ನುಗ್ಗಿಸಿ, ಮೃಗಾಲಯ ಆದಮೇಲೆ ಯಾರೂ ಬರುವುದಿಲ್ಲ.

ಇನ್ನೊಂದು: ‘ಜ್ಯಾಮಿತೀಯ ಅಂದರೆ ತಣ್ಣಗಿನ ಬುದ್ಧಿ, ಜೈವಿಕ ಅಂದರೆ ಬೆಚ್ಚಗಿನ ಭಾವ’ ಎಂಬ ಸಾಲು ಬರೆಯಲೇ ಬೇಡಿ. ಚಿತ್ರಕಾರ ಮಾಲೆವಿಚ್ ತನ್ನ ಕಪ್ಪು ಚೌಕವನ್ನು 1915ರಲ್ಲಿ ಪೆಟ್ರೊಗ್ರಾಡ್‌ನಲ್ಲಿ ತೂಗುಹಾಕಿದ್ದು ಕೋಣೆಯ ಮೇಲ್ಮೂಲೆಯಲ್ಲಿ, ರಷ್ಯದ ಮನೆಗಳಲ್ಲಿ ದೇವರ ಪಟ ಇಡುವ ಜಾಗದಲ್ಲಿ. ತಣ್ಣಗಿನದ್ದು ಎಂತದ್ದೂ ಇಲ್ಲ ಅದರಲ್ಲಿ. ಅದರ ಬದಿಗಳೂ ಕರಾರುವಾಕ್ಕಾಗಿ ಸಮಾನಾಂತರ ಅಲ್ಲ.

ಬೇಳ_ಬಳ್ಳಿ:

ಚುಕ್ಕಿಗೆರೆಯವರೇ, ನಿಮ್ಮ ಉದಾಹರಣೆಗಳಲ್ಲಿ ಹೆಚ್ಚಿನವು ರಷ್ಯ, ಜರ್ಮನಿ ಕಡೆಯವು. ಇಲ್ಲಿ ಬರೆದ ಚಿತ್ರಕ್ಕೆ ಇಲ್ಲಿನ ಕಣ್ಣು ಬೇಡವೇ? ಬಾಗಿದ ದೊಡ್ಡ ಆಕಾರ, ಕೆಳಗೆ ಬೇರಿನ ಹಾಗೆ ಹರಿಯುವ ಗೆರೆ, ಅರಸಿನ, ಕೆಂಪು, ಕಪ್ಪು, ಬಿಳಿ, ಹಸಿರು. ನಾಗಾರಾಧನೆಯಲ್ಲಿ ನೆಲದ ಮೇಲೆ ಬಣ್ಣದ ಪುಡಿಯಲ್ಲಿ ಬರೆಯುವ ನಾಗಮಂಡಲದ ಐದು ಬಣ್ಣವೂ ಉಂಟಲ್ಲ. ತುಳುನಾಡಿನ ಮಗುವಿಗೆ ಇದು ನಾಗನೇ. ಹಾಗೆ ಬರೆದರೆ ಏನು ತಪ್ಪು?

ಮುರಕಲ್ಲು:

ಬೇಳದವರೇ, ತಪ್ಪು ನಾಗನ ಹೆಸರು ಎತ್ತಿದ್ದರಲ್ಲಿ ಅಲ್ಲ, ಹೋಲಿಕೆಯನ್ನು ಮೂಲ ಅಂದದ್ದರಲ್ಲಿ. ನೀವು ಎಣಿಸಿದ ಬಣ್ಣದಲ್ಲಿ ಚಿತ್ರದ ಅತಿ ಭಾರದ ಬಣ್ಣವೇ ಬಿಟ್ಟುಹೋಗಿದೆ. ಕಡುನೀಲಿ ಮಂಡಲದಲ್ಲಿ ಇಲ್ಲ. ಒಪ್ಪುವುದನ್ನು ಮಾತ್ರ ಎಣಿಸಿ ಒಪ್ಪದ್ದನ್ನು ಬಿಡುವುದು ಅಮೂರ್ತ ಚಿತ್ರದ ಓದಿನಲ್ಲಿ ಪದೇ ಪದೇ ಆಗುವ ಎಡವಟ್ಟು.

ಆದರೂ ನಾಗಮಂಡಲ ಬೇರೆ ರೀತಿಯಲ್ಲಿ ಸಹಾಯಕ್ಕೆ ಬರುತ್ತದೆ. ಆ ಮಂಡಲದಲ್ಲಿ ಗೆರೆ ಹಾವಿನದ್ದು, ಬಾಗಿ ಬಳುಕುವಂಥದ್ದು. ಆದರೆ ಅದನ್ನು ಹೆಣೆದ ಪವಿತ್ರದ ಗಂಟುಗಳು ಲೆಕ್ಕದವು, ಪೂರ್ಣ ಮಂಡಲಕ್ಕೆ ಹದಿನಾರು, ನಾಲ್ಕು ದಿಕ್ಕಿಗೂ ಸಮ. ಅಂದರೆ ಆಕಾರ ಜೈವಿಕ, ಜೋಡಣೆ ಜ್ಯಾಮಿತೀಯ. ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಬೇಕು. ಒಂದೊಂದು ಆಕಾರ ಎಂಥದ್ದು? ಅವುಗಳನ್ನು ಇಟ್ಟ ಕ್ರಮ ಎಂಥದ್ದು? ಹೆಚ್ಚಿನವರು ಮೊದಲನೆಯದನ್ನು ಮಾತ್ರ ಕೇಳಿ ನಿಲ್ಲಿಸುತ್ತಾರೆ.

ಮಕ್ಕಳಿಗೆ ಅಡಿಕೆ ತೋಟ ಹೇಳಿ. ಗಿಡ ನೆಡುವುದು 2.7 ಮೀಟರ್ ಅಂತರದ ಚೌಕದಲ್ಲಿ, ಮೇಲಿನಿಂದ ಫೋಟೋ ತೆಗೆದರೆ ಗ್ರಾಫ್ ಹಾಳೆ. ಒಳಗೆ ನಿಂತರೆ ಗರಿ, ಹಾಳೆ, ಕಾಳುಮೆಣಸಿನ ಬಳ್ಳಿ, ಒಂದೂ ನೆಟ್ಟಗಿಲ್ಲ. ಮುರಕಲ್ಲು ಅದಕ್ಕೆ ತಿರುಗು. ಕೋರೆಯ ಯಂತ್ರ ಆರು ಮುಖ ಸಪಾಟಾಗಿ ಕೊಯ್ದು ಕೊಡುತ್ತದೆ, ಆದರೆ ಆ ಮುಖದಲ್ಲೇ ಹುಳು ಕೊರೆದಂಥ ತೂತು, ನರದಂಥ ಹಳದಿ ಗೆರೆ. ಹೊರಗೆರೆ ಜ್ಯಾಮಿತಿ, ಒಡಲು ಜೈವಿಕ. (ಮುರಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂಬ ಹೆಸರು ಬಂದದ್ದೂ ಲ್ಯಾಟಿನ್ನಿನ ‘ಇಟ್ಟಿಗೆ’ಯಿಂದ.)

ಇದೇ ಕನ್ನಡಕ ಹಾಕಿ ದೊಡ್ಡವರ ಚಿತ್ರ ನೋಡಿ. ಕ್ಯಾಂಡಿನ್‌ಸ್ಕಿಯ ‘ಕಾಂಪೊಸಿಷನ್ 8’ (1923) ನಲ್ಲಿ ವೃತ್ತ, ತ್ರಿಕೋನ, ನೆಟ್ಟಗಿನ ಗೆರೆ ಧಾರಾಳ, ಆದರೆ ಜೋಡಣೆಗೆ ಗ್ರಾಫ್ ಹಾಳೆಯ ಶಿಸ್ತಿಲ್ಲ, ಸಿಡಿದ ಹಾಗೆ ಇದೆ. 1933ರಲ್ಲಿ ಬೌಹೌಸ್ ಮುಚ್ಚಿದ ಮೇಲೆ ಅವರು ಪ್ಯಾರಿಸ್ ಬಳಿಗೆ ಹೋದರು. ಅಲ್ಲಿ ಅಮೀಬಾ, ಭ್ರೂಣ, ಕಡಲಜೀವಿಗಳಂಥ ಆಕಾರ ಬಂದವು. ‘ಸ್ಕೈ ಬ್ಲೂ’ (1940) ನೋಡಿದರೆ ತಿಳಿ ನೀಲಿಯಲ್ಲಿ ಅವು ತೇಲುತ್ತವೆ, ಒಂದಕ್ಕೊಂದು ತಾಗುವುದೇ ಇಲ್ಲ. ಮೊಂಡ್ರಿಯಾನ್‌ನಲ್ಲಿ ಆಕಾರ, ಜೋಡಣೆ ಎರಡೂ ನೆಟ್ಟಗೆ. ಆರ್ಪ್‌ನಲ್ಲಿ ಎರಡೂ ಸಡಿಲ. 1936ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಆಲ್ಫ್ರೆಡ್ ಬಾರ್ ಅಮೂರ್ತ ಕಲೆಯನ್ನು ಎರಡು ಹೊಳೆಯಾಗಿ ಬಿಡಿಸಿದಾಗ ಒಂದರ ಗುರುತಿಗೆ ಚೌಕ, ಇನ್ನೊಂದಕ್ಕೆ ಅಮೀಬಾ ಹೇಳಿದ್ದರು. ಪಾಠಕ್ಕೆ ಅನುಕೂಲವೇ. ಆದರೆ ಟೀಚರ ಚಿತ್ರದಲ್ಲಿ ಎರಡು ಹೊಳೆಯೂ ಒಂದೇ ಗದ್ದೆಗೆ ನುಗ್ಗಿವೆ.

‘ಸಾವಯವ ಆಕಾರ’ ಎಂದು ಮಾತ್ರ ಬರೆಯಬೇಡಿ ಟೀಚರೇ. ಮಕ್ಕಳಿಗೆ ಗೊಬ್ಬರದ ಚೀಲ ನೆನಪಾಗುತ್ತದೆ. ‘ಜೈವಿಕ’ ಆದೀತು, ‘ಬೆಳೆದಂಥ ಆಕಾರ’ ಇನ್ನೂ ಒಳ್ಳೆಯದು.

ಕುಂಬಳೆ_ಟೀಚರ್:

ಟಾರ್ಚ್ ಹಿಡಿದು, ಅಳೆದು ಆಯಿತು. ಸಿಕ್ಕಿದ್ದು ಇದು.

ನೀಲಿ ‘ಚೌಕ’ ಮೇಲೆ 38 ಸೆಂ.ಮೀ., ಕೆಳಗೆ 41 ಸೆಂ.ಮೀ., ಎಡಬದಿ 39 ಸೆಂ.ಮೀ. ಎಡಬದಿ ನೆಟ್ಟಗೆ, ಬಲಬದಿ ಕೆಳಗೆ ಬರುತ್ತಾ ಹೊರಗೆ ವಾಲಿದೆ. ಎಡ, ಮೇಲು, ಕೆಳಗಿನ ಅಂಚಿನಲ್ಲಿ ಏಣು ಸ್ಪಷ್ಟ ಉಂಟು. ಬಲ ಅಂಚಿನಲ್ಲಿ ಇಲ್ಲ, ಅದು ಕೈಯಲ್ಲಿ ಎಳೆದದ್ದು. ಗೇರುಬೀಜದಂಥ ಆಕಾರದ ಹೊರಗೆರೆ ಪೂರಾ ಕೈಯದ್ದು ಅಂದುಕೊಂಡಿದ್ದೆ. ಅಡಿಭಾಗ ಕೆಂಪು ಪಟ್ಟಿಯ ಮೇಲಂಚಿಗೆ ತಾಗುವ ಕಡೆ ಸುಮಾರು 12 ಸೆಂ.ಮೀ. ನೆಟ್ಟಗೆ ಹೋಗುತ್ತದೆ, ಅಲ್ಲಿ ಏಣೂ ಉಂಟು. ಬೂದುಹಸಿರು ಜಾಗ ನೀಲಿಗಿಂತ ತಿಳಿ. ಕಪ್ಪು ಗೆರೆಗಳ ನಡುವೆ ಮೇಲೆ ತಲಾ 2 ಸೆಂ.ಮೀ., ಕೆಳಗೆ ಬರುವಾಗ 3 ಸೆಂ.ಮೀ. ವೃತ್ತದ ನಡುವೆ ಸೂಜಿಮೊನೆಯಷ್ಟು ಗುಳಿ, ಕೈವಾರದ್ದು ಇರಬೇಕು. ವೃತ್ತ ಯಾವುದಕ್ಕೂ ತಾಗಿಲ್ಲ. ವೃತ್ತ ಮುಚ್ಚಿದರೆ ದೊಡ್ಡ ಆಕಾರ ಎಡಕ್ಕೆ ಉರುಳಿದ ಹಾಗೆ ಕಾಣುತ್ತದೆ.

ಎರಡು ತೊಡಕು. ಫೋಟೋದಲ್ಲಿ ಕೆಂಪು ಪಟ್ಟಿ ಬಿಲ್ಲಿನ ಹಾಗೆ ಬಾಗಿ ಕಾಣುತ್ತದೆ, ಎದುರು ನಿಂತರೆ ನೆಟ್ಟಗೆ. ಇನ್ನು ಕೆಳಮೂಲೆಯ ಕಂದು ಚುಕ್ಕೆಗಳು: ಬೇರಿನ ಸುತ್ತ ಮಣ್ಣಿನ ಕಣ ಎಂದು ಬರೆಯಬಹುದೋ?

ಆಟಿ_ಮಳೆ:

ಬರೆಯುವ ಮೊದಲು ನಿಲ್ಲಿ! ಕೆಳಮೂಲೆ, ಕಂದು, ಚುಕ್ಕೆ. ನಮ್ಮ ಮಳೆಗಾಲದಲ್ಲಿ ಈ ಮೂರು ಒಟ್ಟಿಗೆ ಬಂದರೆ ಮೊದಲ ಅನುಮಾನ ಬೂಸ್ಟಿನ ಮೇಲೆ. ಗಾಳಿಯ ತೇವ ಶೇ. 65–70 ದಾಟಿ ಹಾಗೇ ನಿಂತರೆ ಸಾಕು, ಶಿಲೀಂಧ್ರ ಹುಟ್ಟುತ್ತದೆ. ಕ್ಯಾನ್ವಾಸಿನ ಹತ್ತಿ, ಮೇಲೆ ಕೂತ ದೂಳು ಎಲ್ಲ ಅದಕ್ಕೆ ಊಟ.

ಬೇರ್ಪಡಿಸುವುದು ಹೀಗೆ. ಕಲಾವಿದರ ಚುಕ್ಕೆ ಚಿತ್ರದ ಗಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ: ಬೇರಿನ ತುದಿಯಲ್ಲಿ ದಟ್ಟ, ದೂರ ಹೋದಂತೆ ವಿರಳ, ಯಾವುದೋ ಅಂಚಿಗೆ ಬಂದು ನಿಲ್ಲುತ್ತದೆ. ಬೂಸ್ಟಿಗೆ ಗಡಿ ಗೊತ್ತಿಲ್ಲ. ಗೆರೆ, ಹಿನ್ನೆಲೆ, ಪಟ್ಟಿ ಎಲ್ಲದರ ಮೇಲೂ ಒಂದೇ ಹಾಗೆ ಹಾಯುತ್ತದೆ, ಕ್ಯಾನ್ವಾಸು ಮಡಚಿದ ಪಕ್ಕದ ಅಂಚಿಗೂ ಹೋಗಿರುತ್ತದೆ. ಕ್ಯಾನ್ವಾಸಿನ ಹಿಂಬದಿ ಅದೇ ಜಾಗದಲ್ಲಿ ಕಲೆ ಅಥವಾ ನೀರಿನ ತೆರೆಗುರುತು ಉಂಟೋ ನೋಡಿ. ಟಾರ್ಚಿನ ಓರೆ ಬೆಳಕಿಗೆ ಬಣ್ಣದ ಚುಕ್ಕೆ ಸುತ್ತಲಿನಷ್ಟೇ ಹೊಳೆಯುತ್ತದೆ, ಬೂಸ್ಟು ಮಂಕು, ಕೆಲವೊಮ್ಮೆ ನವಿರು ಕೂದಲು.

ಬೂಸ್ಟೇ ಆದರೆ ಒದ್ದೆ ಬಟ್ಟೆ, ಡೆಟ್ಟಾಲ್, ವಿನೆಗರ್ ಯಾವುದೂ ಬೇಡ. ಅಕ್ರಿಲಿಕ್ ಪದರ ಮೆದು, ಒರೆಸಿದರೆ ಕೊಳೆ ಒಳಗೆ ಕೂರುತ್ತದೆ, ಬಣ್ಣವೂ ಏಳಬಹುದು. ತೆಗೆಯುವುದು ಸಂರಕ್ಷಣೆ ಕಲಿತವರ ಕೆಲಸ. ನೀವು ಮಾಡಬಹುದಾದದ್ದು: ಮಳೆ ಬಡಿಯುವ ಹೊರಗೋಡೆಯಿಂದ ಚಿತ್ರ ಕೆಳಗಿಳಿಸಿ ಒಳಗೋಡೆಗೆ ಹಾಕಿ, ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ತುಂಡು ಅಂಟಿಸಿ ಎರಡು ಮೂರು ಸೆಂ.ಮೀ. ಗಾಳಿಗೆ ಜಾಗ ಬಿಡಿ.

ಬಾಗಿದ ಪಟ್ಟಿ ಫೋನಿನ ಚೇಷ್ಟೆ. ಮೊಬೈಲಿನ ಮುಖ್ಯ ಲೆನ್ಸ್ ಅಗಲ ನೋಟದ್ದು, ಹತ್ತಿರದಿಂದ ತೆಗೆದರೆ ಅಂಚಿನ ನೆಟ್ಟಗೆರೆಗಳನ್ನು ಹೊರಕ್ಕೆ ಉಬ್ಬಿಸುತ್ತದೆ. ಈ ಚಿತ್ರದಲ್ಲಂತೂ ನೆಟ್ಟಗೆ ಯಾವುದು, ಬಾಗಿದ್ದು ಯಾವುದು ಎಂಬುದೇ ವಿಷಯ, ಹಾಗಾಗಿ ಆ ಫೋಟೋ ಇಟ್ಟುಕೊಂಡು ಬರೆದರೆ ಕೆಟ್ಟಿತು. ಎರಡೂವರೆ ಮೂರು ಮೀಟರ್ ಹಿಂದೆ ಹೋಗಿ, 2 ಪಟ್ಟು ಝೂಮ್ ಇಟ್ಟು, ಲೆನ್ಸನ್ನು ಚಿತ್ರದ ನಡುಬಿಂದುವಿನ ಎತ್ತರಕ್ಕೆ ಹಿಡಿದು, ಸುತ್ತ ಸ್ವಲ್ಪ ಗೋಡೆ ಬಿಟ್ಟು ತೆಗೆಯಿರಿ. ಟ್ಯೂಬ್‌ಲೈಟ್ ಆರಿಸಿ, ಬದಿಯ ಕಿಟಕಿಯ ಬೆಳಕು ಸಾಕು.

ಹೇಗೂ ಹಿಂಬದಿ ನೋಡುತ್ತೀರಿ, ಮೇಲು ಯಾವುದು ಎಂಬುದನ್ನೂ ಖಾತ್ರಿ ಮಾಡಿಕೊಳ್ಳಿ. ತಂತಿ ಕಟ್ಟಿದ ಕಡೆಯೇ ಮೇಲು ಎಂದು ನಂಬಬೇಡಿ, ತಂತಿ ಯಾರು ಬೇಕಾದರೂ ಕಟ್ಟಿರಬಹುದು. ಬಣ್ಣ ಒಸರಿದ ದಿಕ್ಕು, ಬಾಣದ ಗುರುತು, ಸಹಿ ನೋಡಿ. ಮತೀಸ್‌ನ ದೋಣಿಯ ಚಿತ್ರವೊಂದು 1961ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲೇ 47 ದಿನ ತಲೆಕೆಳಗಾಗಿ ತೂಗಿತ್ತು. ಡಸೆಲ್‌ಡಾರ್ಫ್‌ನಲ್ಲಿರುವ ಮೊಂಡ್ರಿಯಾನ್‌ನ ಬಣ್ಣದ ಟೇಪು ಅಂಟಿಸಿ ಮಾಡಿದ ಚಿತ್ರ (1941) ದಶಕಗಳಿಂದ ತಲೆಕೆಳಗಾಗಿದೆ ಎಂದು 2022ರಲ್ಲಿ ಅಲ್ಲಿನ ಕ್ಯುರೇಟರೇ ಹೇಳಿದರು. ತಿರುಗಿಸಿದರೆ ಹಳೆಯ ಟೇಪು ಕಳಚೀತೆಂದು ಹಾಗೇ ಬಿಟ್ಟರು.

ಕುಂಬಳೆ_ಟೀಚರ್:

ನೋಡಿದೆ. ಹಿಂದೆ ಪೆನ್ಸಿಲಿನಲ್ಲಿ ಮೇಲ್ಮುಖ ಬಾಣ ಉಂಟು, ತೂಗುಹಾಕಿದ್ದು ಸರಿ. ಚುಕ್ಕೆಗಳಲ್ಲಿ ಬೇರಿನ ತುದಿಗೆ ಹೊಂದಿಕೊಂಡ ಒಂಬತ್ತು ಹತ್ತು ಬಣ್ಣದವು. ಉಳಿದವು ಪಕ್ಕದ ಮಡಿಕೆಗೂ ಹೋಗಿವೆ, ಹಿಂದೆ ಕಲೆಯೂ ಉಂಟು. ಬೂಸ್ಟೇ. ಮಣ್ಣಿನ ಕಣ ಎಂದು ಬರೆದಿದ್ದರೆ ನಗೆಪಾಟಲಾಗುತ್ತಿತ್ತು. ಚಿತ್ರವನ್ನು ಒಳಗೋಡೆಗೆ ಬದಲಾಯಿಸಿ ಆಯಿತು.

ಮುರಕಲ್ಲು:

ಹಾಗಾದರೆ ನಿಮ್ಮ ಅಳತೆಯಲ್ಲೇ ಓದು ಕೂತಿದೆ. ನೀಲಿ ಆಕೃತಿ ಮೂರು ಬದಿಯಲ್ಲಿ ಟೇಪಿನ ಶಿಸ್ತು ಪಾಲಿಸಿ, ಬಾಗಿದ ಆಕಾರ ಎದುರಾಗುವ ನಾಲ್ಕನೇ ಬದಿಯಲ್ಲಿ ಮಾತ್ರ ಕೈಗೆ ಒಪ್ಪಿಸಿಕೊಂಡು ವಾಲಿದೆ. ಬಾಗಿದ ಆಕಾರ ಎಲ್ಲ ಕಡೆ ಕೈಯದ್ದು, ಪಟ್ಟಿಯ ಮೇಲೆ ಕೂರುವ 12 ಸೆಂ.ಮೀ.ನಲ್ಲಿ ಮಾತ್ರ ಟೇಪಿನ ಗೆರೆ ಕಡ ತಂದಿದೆ. ಎರಡೂ ತಾಗುವ ಕಡೆಗಳಲ್ಲೇ ತಮ್ಮ ಗುಣ ಬಿಟ್ಟುಕೊಟ್ಟಿವೆ. ಹಾಯ್ದ ಜಾಗದ ಬಣ್ಣವೂ ಬೇಕೆಂದೇ ಬೆರೆಸಿದ್ದು, ಅದರಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನ ಆಗುವುದಿಲ್ಲ. ಯಾರಿಗೂ ಏನೂ ಕೊಡದೆ ನಿಂತದ್ದು ಕೈವಾರದ ವೃತ್ತ ಒಂದೇ. ಆದರೆ ಅದಿಲ್ಲದಿದ್ದರೆ ದೊಡ್ಡದು ಉರುಳುತ್ತದೆ. ಇದನ್ನು ಹೇಳಲು ಗೇರುಬೀಜವೂ ಬೇಡ, ಭ್ರೂಣವೂ ಬೇಡ, ನಾಗನೂ ಬೇಡ.

ಪಟ್ಟಿಯ ಬಗ್ಗೆ ಒಂದು ಎಚ್ಚರ. ಅಡ್ಡ ಗೆರೆ ಅಂಚಿನಿಂದ ಅಂಚಿಗೆ ಹೋದರೆ ಕಣ್ಣು ಅದನ್ನು ನೆಲ ಎಂದೇ ಹಿಡಿಯುತ್ತದೆ, ಮೇಲಿನದ್ದು ಆಕಾಶವಾಗುತ್ತದೆ. ಹಾಳೆಯನ್ನು 90 ಡಿಗ್ರಿ ತಿರುಗಿಸಿದರೆ ನೆಲ ಮಾಯ, ಆಕಾರಗಳ ಕೊಡುಕೊಳೆ ಹಾಗೇ ಉಳಿಯುತ್ತದೆ. ಹಾಗಾಗಿ ನೆಲದ ಮಾತು ಎರಡನೆಯದ್ದು, ಕೊಡುಕೊಳೆ ಮೊದಲನೆಯದ್ದು.

ಕರಡು ಹೀಗೆ ಇರಲಿ:

‘ಈ ಚಿತ್ರದಲ್ಲಿ ಎರಡು ಬಗೆಯ ಆಕಾರಗಳಿವೆ. ಕೆಲವು ಅಳೆದು ಎಳೆದವು, ಕೆಲವು ಬೆಳೆದಂಥವು. ಎಡಕ್ಕಿರುವ ನೀಲಿ ಆಕೃತಿ ಚೌಕ ಅನ್ನಿಸುತ್ತದೆ. ಅದರ ಬಲಬದಿಯನ್ನು ಗಮನಿಸಿ, ಅದು ವಾಲಿದೆ, ಅಂಚು ಕೈಯಲ್ಲಿ ಎಳೆದದ್ದು. ಬಾಗಿದ ಹಳದಿ ಆಕಾರ ಆ ಬದಿಯಲ್ಲೇ ಅದನ್ನು ಹಾಯುತ್ತದೆ. ಈಗ ಹಳದಿ ಆಕಾರದ ಅಡಿ ನೋಡಿ. ಕೆಂಪು ಪಟ್ಟಿಗೆ ತಾಗುವಲ್ಲಿ ಅದು ಅಂಗೈಯಷ್ಟು ದೂರ ನೆಟ್ಟಗಾಗಿದೆ. ಇವೆರಡೂ ಸೇರಿದ ಬೂದುಹಸಿರು ಜಾಗದಲ್ಲಿ ಯಾವುದು ಮುಂದೆ, ಯಾವುದು ಹಿಂದೆ? ಬಿಳಿ ವೃತ್ತವನ್ನು ಹೆಬ್ಬೆರಳಿನಿಂದ ಮರೆಮಾಡಿ, ಹಳದಿ ಆಕಾರ ಎತ್ತ ಉರುಳುತ್ತದೆ ನೋಡಿ. ಕಲಾವಿದರು ಚಿತ್ರಕ್ಕೆ ಹೆಸರು ಕೊಟ್ಟಿಲ್ಲ.’

ಪುಟ ತುಂಬಿಸಬೇಕೆಂದಿಲ್ಲ. ನಿಂತು ಓದುವವರು ಇಷ್ಟಕ್ಕಿಂತ ಹೆಚ್ಚು ಓದುವುದಿಲ್ಲ.

ಬೇಳ_ಬಳ್ಳಿ:

ನೀಲಿಯ ಲೆಕ್ಕ ಒಪ್ಪಿದೆ. ಆದರೆ ಮಕ್ಕಳು ಹೇಳಿದ ಗೇರುಬೀಜ, ಮಗು, ನಾನು ಹೇಳಿದ ನಾಗ ಎಲ್ಲವನ್ನೂ ಹೊರಗಿಡುವುದು ಸರಿಯಲ್ಲ. ಅವು ಸುಮ್ಮನೆ ಬಂದವಲ್ಲವಷ್ಟೆ?

ಚುಕ್ಕಿಗೆರೆ:

ಸುಮ್ಮನೆ ಬಂದವಲ್ಲ. ಆ ಮೂರಕ್ಕೂ ಸಾಮಾನ್ಯವಾದದ್ದು ಒಂದುಂಟು: ಒಂದು ಕಡೆ ಒಳಬಾಗಿ ತನ್ನನ್ನೇ ಸುತ್ತಿಕೊಂಡ ಹೊರಗೆರೆ. ಮಕ್ಕಳು ಹೇಳಿದ್ದನ್ನು ‘ಏನು ನೋಡಿ ಹಾಗೆ ಅನ್ನಿಸಿತು, ಬೆರಳಿಟ್ಟು ತೋರಿಸು’ ಎಂದು ಕೇಳಿ. ಬೆರಳು ಆ ಒಳಬಾಗಿಗೇ ಹೋಗುತ್ತದೆ. ಬೆರಳು ಇಡಲು ಆಗದ ಹೆಸರನ್ನು ಬಿಡಿ, ಆಗುವುದನ್ನು ಗೋಡೆಬರಹದಲ್ಲಿ ಅಲ್ಲ, ಪಕ್ಕದಲ್ಲೊಂದು ನೋಟ್‌ಬುಕ್ ತೂಗುಹಾಕಿ ಅದರಲ್ಲಿ ಬರೆಯಿಸಿ.

ಟೀಚರೇ, ಕರಡಿನಲ್ಲಿ ಬರೀ ‘ಹಳದಿ’ ಅನ್ನುವುದಕ್ಕಿಂತ ನಿಮ್ಮದೇ ‘ಮಣ್ಣರಸಿನ’ ಒಳ್ಳೆಯದು, ನಿಂಬೆ ಹಳದಿ ಅಲ್ಲವಲ್ಲ ಅದು.

ಕುಂಬಳೆ_ಟೀಚರ್:

‘ಮಣ್ಣರಸಿನ’ ಅಂತಲೇ ಹಾಕುತ್ತೇನೆ. ಅಕ್ಷರ ಎಷ್ಟು ದೊಡ್ಡದು ಬೇಕು, ಯಾವ ಎತ್ತರಕ್ಕೆ?

ಆಟಿ_ಮಳೆ:

20ರಿಂದ 24 ಪಾಯಿಂಟ್. ಕನ್ನಡಕ್ಕೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಇಲ್ಲವಾದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಫಲಕದ ನಡು ನೆಲದಿಂದ 130 ಸೆಂ.ಮೀ., ಚಿತ್ರದ ಬಲಕ್ಕೆ ಒಂದು ಗೇಣು ಬಿಟ್ಟು. ಹೊಳೆಯುವ ಲ್ಯಾಮಿನೇಷನ್ ಬೇಡ, ಕಿಟಕಿಯ ಬೆಳಕು ಬಿದ್ದರೆ ಅಕ್ಷರ ಕಾಣುವುದಿಲ್ಲ. ಮಳೆಗಾಲಕ್ಕೆ ಕಾಗದ ಸುರುಟದ ಹಾಗೆ ಫೋಮ್ ಬೋರ್ಡಿಗೆ ಅಂಟಿಸಿ.